ಸನ್ಯಾಸಿಯ ಚಿತ್ರವಿದ್ದ ಬಿಯರೆಲ್ಲ ಟ್ರಾಪಿಸ್ಟ್ ಅಲ್ಲ

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಬಂದ ಬೆಲ್ಜಿಯಂ ಕುರಿತ ಬರಹವನ್ನು ಇಲ್ಲಿ ಲುವೆನ್ ಪಟ್ಟಣದಲ್ಲಿರುವ ನಾವು ಮೂರ್ನಾಲ್ಕು ಕನ್ನಡ ಕುಟುಂಬದವರು ಒಬ್ಬರಿಗೊಬ್ಬರು ಕಳಿಸಿಕೊಂಡು ಓದಿದೆವು. ನಾವು ದಿನವೂ ಓಡಾಡುವ ಬೀದಿಗಳನ್ನು ಕನ್ನಡದಲ್ಲಿ ಓದುವ ಸುಖ ಬೇರೆಯೇ. ಆದರೆ ಬರಹದ ಕೊನೆಯಲ್ಲಿ, ಊರಿಗೆ ಒಯ್ಯಬಹುದಾದ ಉಡುಗೊರೆಗಳನ್ನು ಹೇಳುವಾಗ, ಲೆಫ್, ಗ್ರಿಂಬರ್ಗೆನ್, ಷಿಮೇ, ಒರ್ವಾಲ್ ಎಂಬ ನಾಲ್ಕನ್ನೂ ಒಟ್ಟಿಗೆ ಸೇರಿಸಿ 'ಸನ್ಯಾಸಿಗಳು ತಯಾರಿಸುವ ಟ್ರಾಪಿಸ್ಟ್ ಬಿಯರ್‌ಗಳ ಗಿಫ್ಟ್ ಪ್ಯಾಕ್' ಎಂದು ಕರೆದಿರುವುದು ತಪ್ಪು. ಇವುಗಳಲ್ಲಿ ಷಿಮೇ ಮತ್ತು ಒರ್ವಾಲ್ ಮಾತ್ರ ಟ್ರಾಪಿಸ್ಟ್, ಅಂದರೆ ಆ ಹೆಸರಿನ ಕ್ರೈಸ್ತ ಸನ್ಯಾಸಿ ಪಂಥದ ಮಠಗಳಲ್ಲಿ ತಯಾರಾಗುವಂಥವು. ಉಳಿದೆರಡನ್ನು ತಯಾರಿಸುವ ಕಂಪನಿಗಳೂ ತಮ್ಮ ಬಿಯರನ್ನು ಹಾಗೆ ಕರೆದುಕೊಳ್ಳುವುದಿಲ್ಲ. ಕುಡಿತವನ್ನು ಹೊಗಳುವುದಕ್ಕಾಗಲಿ, ಯಾರಿಗಾದರೂ ಕಲಿಸುವುದಕ್ಕಾಗಲಿ ಈ ಪತ್ರ ಬರೆಯುತ್ತಿಲ್ಲ. ಒಂದು ಹೆಸರನ್ನು ಅದರ ಒಡೆಯರಿಗೆ ಸಲ್ಲಿಸಬೇಕು, ದುಡ್ಡು ಕೊಟ್ಟು ಕೊಳ್ಳುವವನಿಗೆ ತಾನು ಕೊಂಡದ್ದೇನೆಂದು ತಿಳಿದಿರಬೇಕು, ಇಷ್ಟೇ ನನ್ನ ಆಸೆ.

ಈ ತಪ್ಪನ್ನು ಸ್ವತಃ ಮಾಡಿ ಅನುಭವಿಸಿದವನು ನಾನು. ಮೂರು ವರ್ಷಗಳ ಹಿಂದೆ ರಜೆಗೆ ದಾವಣಗೆರೆಗೆ ಹೊರಟಾಗ ನಮ್ಮ ಭಾವನವರು ಫೋನಿನಲ್ಲಿ, "ಅಲ್ಲಿ ಸನ್ಯಾಸಿಗಳೇ ಮಾಡೋ ಬಿಯರ್ ಇದೆಯಂತಲ್ಲ, ಒಂದಿಷ್ಟು ತಗೊಂಡು ಬಾರಪ್ಪ, ಹೆಂಗಿರ್ತದೆ ನೋಡೋಣ" ಎಂದಿದ್ದರು. ಭಾರತಕ್ಕೆ ಬರುವ ಪ್ರಯಾಣಿಕ ಸುಂಕ ಕಟ್ಟದೆ ತರಬಹುದಾದ ಮದ್ಯ 2 ಲೀಟರ್. ಇಲ್ಲಿಯ ಬಾಟಲಿಗಳು ಸಾಮಾನ್ಯವಾಗಿ 33 ಸೆಂಟಿಲೀಟರಿನವು, ಆರು ಸೇರಿದರೆ 1.98 ಲೀಟರ್. ಏಳನೆಯದಕ್ಕೆ ಜಾಗವಿಲ್ಲವಾದ್ದರಿಂದ ಆ ಆರನ್ನು ಆರಿಸುವಾಗ ಎಡವಬಾರದು. ಡಿಸೆಂಬರಿನ ಹಬ್ಬದ ದಿನಗಳವು. ಒಂದು ದೊಡ್ಡ ಅಂಗಡಿಯಲ್ಲಿ 'ಟ್ರಾಪಿಸ್ಟ್' ಎಂದು ದಪ್ಪ ಅಕ್ಷರದಲ್ಲಿ ಬರೆದ ಪಟ್ಟಿಯ ಕೆಳಗೆ ಉಡುಗೊರೆ ಪೆಟ್ಟಿಗೆಗಳನ್ನು ಗೋಪುರದಂತೆ ಪೇರಿಸಿದ್ದರು. ರಟ್ಟಿನ ಪೆಟ್ಟಿಗೆಯ ಮುಂಭಾಗದಲ್ಲಿ ಚರ್ಚಿನ ಕಿಟಕಿಯಂತೆ ಕಮಾನು ತೆಗೆದ ಆರು ಕಿಂಡಿಗಳು, ಒಂದೊಂದರಲ್ಲೂ ಒಂದು ಬಾಟಲಿಯ ಕೊರಳು, ನಡುವೆ ಕಾಲುಳ್ಳ ಗಾಜಿನ ಲೋಟ, ಮೇಲೆ ಮುಸುಕು ಹೊದ್ದು ಪೀಪಾಯಿಯ ಪಕ್ಕದಲ್ಲಿ ನಗುತ್ತ ನಿಂತ ಸನ್ಯಾಸಿಯ ಚಿತ್ರ. ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡುವಷ್ಟು ವ್ಯವಧಾನವನ್ನೂ ತೋರದೆ ಎತ್ತಿಕೊಂಡು ಬಂದೆ.

ಭಾವನವರು ಮೂವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಬಿಸ್ಕತ್ತಿನ ಪೊಟ್ಟಣವಾದರೂ ಸರಿ, ಹಿಂಬದಿಯ ಸಣ್ಣಕ್ಷರ ಓದದೆ ಒಡೆಯುವವರಲ್ಲ. ಕನ್ನಡಕ ಏರಿಸಿಕೊಂಡು ಆರೂ ಬಾಟಲಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದರು. ಓದಿ ಮುಗಿಸಿ ಎರಡನ್ನು ಬಲಕ್ಕೆ, ನಾಲ್ಕನ್ನು ಎಡಕ್ಕೆ ಸರಿಸಿದರು. "ಈ ಎರಡರ ಮೇಲೆ ಮಠದ ಹೆಸರೂ ಇದೆ, ಒಂದು ಮುದ್ರೆಯೂ ಇದೆ. ಈ ನಾಲ್ಕರ ಮೇಲೆ ಕಂಪನಿ ಹೆಸರಿದೆ. ಸನ್ಯಾಸಿಗಳು ಎಲ್ಲಪ್ಪ?" ಎಂದು ಕೇಳಿದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ, ನನಗೇ ತಲೆ ತಗ್ಗಿಸುವಂತಾಯಿತು. ಅಷ್ಟು ವರ್ಷ ಈ ದೇಶದಲ್ಲಿದ್ದವನು ನೋಡದ ಮುದ್ರೆಯನ್ನು, ಈ ದೇಶವನ್ನೇ ನೋಡದ ಅವರು ಐದು ನಿಮಿಷದಲ್ಲಿ ಕಂಡಿದ್ದರು.

ಆ ಮುದ್ರೆ ಆರು ಮೂಲೆಯದು, ಅದರೊಳಗೆ 'ಆಥೆಂಟಿಕ್ ಟ್ರಾಪಿಸ್ಟ್ ಪ್ರಾಡಕ್ಟ್' ಎಂಬ ಮೂರು ಪದಗಳು. ಟ್ರಾಪಿಸ್ಟ್ ಎಂಬುದು ಬಿಯರಿನ ಜಾತಿಯಲ್ಲ, ರುಚಿಯಲ್ಲ, ಬಣ್ಣವಲ್ಲ. ಅದು ಒಂದು ಸನ್ಯಾಸಿ ಪಂಥದ ಹೆಸರು. ಫ್ರಾನ್ಸಿನ ನಾರ್ಮಂಡಿಯಲ್ಲಿರುವ ಲಾ ಟ್ರಾಪ್ ಮಠದಲ್ಲಿ ಮಠಾಧಿಪತಿ ದ ರಾನ್ಸೆ 1664ರಲ್ಲಿ ಆರಂಭಿಸಿದ ಕಟ್ಟುನಿಟ್ಟಿನ ಸುಧಾರಣೆಯಿಂದ, ಸಿಸ್ಟರ್ಶಿಯನ್ ಎಂಬ ಹಳೆಯ ಕ್ರೈಸ್ತ ಸನ್ಯಾಸಿ ಪಂಥದ ಈ ಕವಲು ಬೆಳೆಯಿತು. ಇವರು ಅನುಸರಿಸುವುದು ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯನ್ನು. ಸನ್ಯಾಸಿಗಳು ತಮ್ಮ ಕೈಯ ದುಡಿಮೆಯಿಂದ ಬದುಕಿದಾಗಲೇ ನಿಜವಾದ ಸನ್ಯಾಸಿಗಳು ಎಂಬುದು ಅದರ 48ನೆಯ ಅಧ್ಯಾಯದ ಮಾತು. ಹೀಗಾಗಿ ಒಂದು ಮಠ ಚೀಸ್ ಮಾಡುತ್ತದೆ, ಇನ್ನೊಂದು ಬ್ರೆಡ್ ಸುಡುತ್ತದೆ, ಕೆಲವು ಬಿಯರ್ ಕಾಯಿಸುತ್ತವೆ. ಆರು ಮೂಲೆಯ ಮುದ್ರೆ ಬಿಯರಿಗಷ್ಟೇ ಅಲ್ಲ, ಚೀಸಿನ ಮೇಲೂ ಇರುತ್ತದೆ.

ಈ ಮುದ್ರೆ ಕೊಡುವ ಅಂತರರಾಷ್ಟ್ರೀಯ ಟ್ರಾಪಿಸ್ಟ್ ಸಂಘ 1997ರಲ್ಲಿ ಹುಟ್ಟಿತು. ಬೆಲ್ಜಿಯಂನ ಆರು, ನೆದರ್ಲೆಂಡ್ಸಿನ ಒಂದು, ಜರ್ಮನಿಯ ಒಂದು, ಹೀಗೆ ಎಂಟು ಮಠಗಳು ಸೇರಿ ಅದನ್ನು ಕಟ್ಟಿದವು. ಮುದ್ರೆ ಬೇಕಾದರೆ ಬಿಯರ್ ಮಠದ ಗೋಡೆಯೊಳಗೆ ಅಥವಾ ಅದರ ತೀರ ಹತ್ತಿರದಲ್ಲಿ, ಸನ್ಯಾಸಿಗಳ ಕೈಯಿಂದಲೋ ಅವರ ಮೇಲ್ವಿಚಾರಣೆಯಲ್ಲೋ ತಯಾರಾಗಬೇಕು. ಬ್ರೂವರಿಯ ಕೆಲಸ ಮಠದ ಬದುಕಿಗೆ ಎರಡನೆಯದಾಗಿರಬೇಕು. ಬಂದ ಹಣ ಸನ್ಯಾಸಿಗಳ ಜೀವನಕ್ಕೂ ಕಟ್ಟಡಗಳ ನಿರ್ವಹಣೆಗೂ ಆಗಿ, ಮಿಕ್ಕದ್ದು ಸಮಾಜದ ಕೆಲಸಕ್ಕೆ ಹೋಗಬೇಕು. ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಲೇಬಲ್ಲಿನ ಆ ಒಂದು ಪದದ ಹಿಂದೆ ಇಂಥದೊಂದು ಜೀವನಕ್ರಮ ಇರುವುದರಿಂದಲೇ, ಅದನ್ನು ಕಂಡಕಂಡ ಪೆಟ್ಟಿಗೆಗೆ ಅಂಟಿಸುವುದು ನನ್ನ ಮನಸ್ಸಿಗೆ ನೋವು ತರುತ್ತದೆ.

ಈ ಹೆಸರಿನ ಕಳವು ಹೊಸದೇನೂ ಅಲ್ಲ. ನಾನಿರುವ ಲುವೆನ್ ಪಕ್ಕದ ವೆಲ್ಟೆಮ್ ಎಂಬಲ್ಲಿನ ಬ್ರೂವರಿಯೊಂದು ತನ್ನ ಬಿಯರಿಗೆ ಟ್ರಾಪಿಸ್ಟ್ ಎಂದು ಹೆಸರಿಟ್ಟು ಮಾರುತ್ತಿದ್ದಾಗ ಟ್ರಾಪಿಸ್ಟರು ನ್ಯಾಯಾಲಯಕ್ಕೆ ಹೋದರು. 1962ರಲ್ಲಿ ತೀರ್ಪು ಮಠದ ಪರವಾಗಿ ಬಂತು. ಅಂದಿನಿಂದ ಬೇರೆ ಬ್ರೂವರಿಗಳು ಆ ಪದವನ್ನು ಬಿಟ್ಟು 'ಅಬ್ಡೈಬೀರ್' ಎಂಬ ಪದವನ್ನು ಹಿಡಿದವು. ಅದರರ್ಥ ಮಠದ ಬಿಯರ್. ಯಾವುದೋ ಮಠದ ಹೆಸರನ್ನು, ಬಹಳ ಸಲ ಆ ಮಠಕ್ಕೆ ಗೌರವಧನ ಕೊಟ್ಟು, ಪರವಾನಗಿ ಪಡೆದು ಕಂಪನಿಯೊಂದು ಬಳಸುತ್ತದೆ. ಲೆಫ್ ಮಠ ಇರುವುದು ಮ್ಯೂಸ್ ನದಿಯ ದಂಡೆಯ ದಿನಾಂ ಪಟ್ಟಣದ ಬಳಿ. ಲೆಫ್ ಬಿಯರ್ ತಯಾರಾಗುವುದು ನಮ್ಮ ಲುವೆನ್ನಿನ ದೊಡ್ಡ ಕಾರ್ಖಾನೆಯಲ್ಲಿ, ಸ್ಟೆಲ್ಲಾ ಆರ್ಟ್ವಾ ಎಂಬ ಸಾಮಾನ್ಯ ಬಿಯರ್ ತಯಾರಾಗುವ ಅದೇ ಜಾಗದಲ್ಲಿ. ಲೆಫ್ ಮಠವಾಗಲಿ ಗ್ರಿಂಬರ್ಗೆನ್ ಮಠವಾಗಲಿ ಟ್ರಾಪಿಸ್ಟ್ ಪಂಥದವೂ ಅಲ್ಲ, ಅವು ನಾರ್ಬರ್ಟೈನ್ ಎಂಬ ಬೇರೊಂದು ಸನ್ಯಾಸಿ ಪಂಥದವು. ಈ ವ್ಯವಸ್ಥೆಯಲ್ಲಿ ಮುಚ್ಚುಮರೆಯಿಲ್ಲ, ಬಿಯರುಗಳೂ ಚೆನ್ನಾಗಿಯೇ ಇವೆ. ಗೊಂದಲ ಹುಟ್ಟುವುದು ಅಂಗಡಿಯವರು ಎರಡು ಬಗೆಯನ್ನೂ ಒಂದೇ ಪಟ್ಟಿಯ ಕೆಳಗೆ ಜೋಡಿಸಿದಾಗ, ಮತ್ತು ನಾವು ಆ ಪಟ್ಟಿಯನ್ನೇ ನಂಬಿ ಬರೆದಾಗ.

ಇಂಗ್ಲಿಷಿನಲ್ಲಿ ಇದನ್ನು ಅಬ್ಬಿ ಬಿಯರ್ ಎನ್ನುತ್ತಾರೆ. ಕೊಡಗಿನ ಅಬ್ಬಿಯನ್ನು ಬಲ್ಲ ನಮಗೆ ಅಬ್ಬಿ ಎಂದರೆ ಜಲಪಾತ. ಆದ್ದರಿಂದ ಕನ್ನಡದಲ್ಲಿ 'ಮಠದ ಹೆಸರಿನ ಬಿಯರ್' ಎಂದು ಬರೆದರೆ ಅರ್ಥವೂ ಸರಿಯಾಗುತ್ತದೆ, ಇರುವ ಸಂಗತಿಯೂ ಹೇಳಿದಂತಾಗುತ್ತದೆ ಎಂದು ನನಗೆ ತೋರುತ್ತದೆ.

ಉಡುಗೊರೆ ಪೆಟ್ಟಿಗೆಯ ಮಾತಿಗೆ ಬರುತ್ತೇನೆ. ಒಂದೇ ಮಠ ತನ್ನದೇ ಬಾಟಲಿಗಳನ್ನು ತನ್ನದೇ ಲೋಟದೊಡನೆ ಇಟ್ಟು ಕಳಿಸುವ ಪೆಟ್ಟಿಗೆಗಳಲ್ಲಿ ಮೋಸ ಹೋಗುವ ಭಯ ಕಡಿಮೆ. ಷಿಮೇಯ ಮೂರು ಬಣ್ಣದ ಮೂರು ಬಾಟಲಿ ಮತ್ತು ಒಂದು ಲೋಟದ ಪೆಟ್ಟಿಗೆ ಅಂಥದು. ಎಚ್ಚರ ಬೇಕಾಗಿರುವುದು ಬೇರೆ ಬೇರೆ ಕಡೆಯ ಬಾಟಲಿಗಳನ್ನು ಅಂಗಡಿಯವರೋ ಆಮದುದಾರರೋ ಕಲಸಿ ಕಟ್ಟಿದ ಪೆಟ್ಟಿಗೆಗಳಲ್ಲಿ. ಇಂಥದರಲ್ಲಿ ಪೆಟ್ಟಿಗೆಯ ಮೇಲಿನ ಹೆಸರಿಗೆ ಬೆಲೆಯಿಲ್ಲ, ಒಂದೊಂದು ಬಾಟಲಿಯನ್ನೂ ಬೇರೆಯಾಗಿಯೇ ನೋಡಬೇಕು. ಆರು ಮೂಲೆಯ ಮುದ್ರೆ ಹಲವು ಸಲ ಹಿಂಬದಿಯ ಲೇಬಲ್ಲಿನಲ್ಲಿ ಬೆರಳುಗುರಿನಷ್ಟು ಚಿಕ್ಕದಾಗಿರುತ್ತದೆ, ರಟ್ಟಿನ ಕಿಂಡಿಯ ಮರೆಗೆ ಸೇರಿಬಿಡುತ್ತದೆ. ಬಾಟಲಿಯನ್ನು ಮೆಲ್ಲಗೆ ಮೇಲೆತ್ತಿ ನೋಡಿದರೆ ಅಂಗಡಿಯವರು ಬೇಡವೆನ್ನುವುದಿಲ್ಲ. ಮೈಸೂರು ರೇಷ್ಮೆ ಸೀರೆಯ ಮಡಿಕೆ ಬಿಚ್ಚಿಸಿ ಗುರುತು ನೋಡದೆ ದುಡ್ಡು ಎಣಿಸದ ನಮ್ಮ ತಾಯಂದಿರ ಅಭ್ಯಾಸ ಇಲ್ಲಿಯೂ ನಡೆಯುತ್ತದೆ.

ಹಳೆಯ ಪಟ್ಟಿಗಳನ್ನು ನಂಬುವುದೂ ಕಷ್ಟ. ಬೆಲ್ಜಿಯಂನಲ್ಲಿ ಆರು ಟ್ರಾಪಿಸ್ಟ್ ಬ್ರೂವರಿಗಳಿವೆ ಎಂದು ಈಗಲೂ ಹಲವೆಡೆ ಬರೆಯುತ್ತಾರೆ, ತಮ್ಮ ಬರಹದಲ್ಲೂ ಹಾಗೆಯೇ ಇದೆ. ಡಚ್ ಗಡಿಯ ಆಹೆಲ್ ಮಠದಿಂದ ಕೊನೆಯ ಸನ್ಯಾಸಿಗಳು 2021ರಲ್ಲಿ ಹೊರಟ ಮೇಲೆ ಅಲ್ಲಿಯ ಬಿಯರಿಗೆ ಮುದ್ರೆ ಇಲ್ಲ. ಈಗ ಉಳಿದಿರುವುದು ಒರ್ವಾಲ್, ಷಿಮೇ, ರೋಷ್‌ಫೋರ್, ವೆಸ್ಟ್‌ಮಾಲೆ, ವೆಸ್ಟ್‌ವ್ಲೇಟರನ್ ಎಂಬ ಐದು. ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪೆನ್ಸರ್ ಮಠದ ಬ್ರೂವರಿ 2022ರಲ್ಲಿ ನಿಂತಿತು. ನೆದರ್ಲೆಂಡ್ಸಿನ ಕೋನಿಂಗ್ಸ್‌ಹೂವನ್ ಮಠದ 'ಲಾ ಟ್ರಾಪ್' ಬಿಯರ್, ವ್ಯಾಪಾರಿ ಕಂಪನಿಯೊಂದರ ಜೊತೆಗಿನ ಒಪ್ಪಂದದ ಕಾರಣಕ್ಕೆ 1999ರಲ್ಲಿ ಮುದ್ರೆಯನ್ನು ಕಳೆದುಕೊಂಡು, 2005ರಲ್ಲಿ ಮರಳಿ ಪಡೆಯಿತು. ಫ್ರಾನ್ಸಿನ ಮೋಂ ದೆ ಕಾ ಮಠ ನಿಜವಾದ ಟ್ರಾಪಿಸ್ಟ್ ಮಠವೇ, ಆದರೆ ಅವರ ಬಿಯರ್ ತಯಾರಾಗುವುದು ಷಿಮೇಯಲ್ಲಿ. ಸ್ವಂತ ಗೋಡೆಯೊಳಗೆ ತಯಾರಾಗದ್ದರಿಂದ ಆರು ಮೂಲೆಯ ಮುದ್ರೆ ಅದಕ್ಕಿಲ್ಲ. ನಿಯಮವನ್ನು ತಮ್ಮವರಿಗೇ ಇಷ್ಟು ಬಿಗಿಯಾಗಿ ಅನ್ವಯಿಸಿಕೊಳ್ಳುವವರ ಹೆಸರನ್ನು ನಾವು ಸಡಿಲವಾಗಿ ಬಳಸಬಾರದು.

ಅಂಗಡಿಯಲ್ಲಿ ಸಿಕ್ಕ ಉಡುಗೊರೆ ಪೆಟ್ಟಿಗೆಯ ಕತೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ವೆಸ್ಟ್‌ವ್ಲೇಟರನ್ನಿನದು. ಅದನ್ನು ತಯಾರಿಸುವ, ದೇಶದ ಪಶ್ಚಿಮದ ಹಾಪ್ಸ್ ಬಳ್ಳಿಯ ತೋಟಗಳ ನಡುವಿನ ಸಿಂತ್ ಸಿಕ್ಸ್‌ಟಸ್ ಮಠದವರು ತಮ್ಮ ಬಿಯರನ್ನು ಅಂಗಡಿಗಳಿಗೆ ಕೊಡುತ್ತಿರಲಿಲ್ಲ. ಬಹುಕಾಲ ಮಠಕ್ಕೆ ಫೋನ್ ಮಾಡಿ, ಕಾರಿನ ಸಂಖ್ಯೆ ಹೇಳಿ, ಗೊತ್ತುಮಾಡಿದ ಹೊತ್ತಿಗೆ ಬಾಗಿಲಿಗೇ ಹೋಗಿ, ಮರುಮಾರಾಟ ಮಾಡುವುದಿಲ್ಲವೆಂದು ಒಪ್ಪಿ, ಮರದ ಪೆಟ್ಟಿಗೆಯಲ್ಲಿ 24 ಬಾಟಲಿ ತರಬೇಕಾಗಿತ್ತು. 2019ರಲ್ಲಿ ಫೋನಿನ ಬದಲು ಆನ್‌ಲೈನ್ ಕಾಯ್ದಿರಿಸುವಿಕೆ ಬಂತು. ಬಾಟಲಿಗೆ ದಶಕಗಳ ಕಾಲ ಕಾಗದದ ಲೇಬಲ್ಲೇ ಇರಲಿಲ್ಲ, ಓದಬೇಕಾದದ್ದೆಲ್ಲ ಮುಚ್ಚಳದ ಮೇಲೆ. ಇಂಥ ಮಠದ ಕಟ್ಟಡ ಶಿಥಿಲವಾಗಿ ಹೊಸದಾಗಿ ಕಟ್ಟಬೇಕಾಗಿ ಬಂದಾಗ ಸನ್ಯಾಸಿಗಳು ಒಂದೇ ಒಂದು ಸಲ ನಿಯಮ ಸಡಿಲಿಸಿದರು. 2011ರ ನವೆಂಬರಿನಲ್ಲಿ ಕಾಲ್‌ರೂಟ್ ಎಂಬ ಸೂಪರ್‌ಮಾರ್ಕೆಟ್ ಸರಣಿಯ ಅಂಗಡಿಗಳ ಮೂಲಕ ಆರು ಬಾಟಲಿ, ಎರಡು ಲೋಟಗಳ ಪೆಟ್ಟಿಗೆಯನ್ನು 25 ಯೂರೊಗೆ ಮಾರಿದರು. ಮರುವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಸುಮಾರು 85 ಡಾಲರಿಗೆ ಮಾರಾಟವಾಯಿತು. ಪೆಟ್ಟಿಗೆಯ ರೂಪವೇ ಇಟ್ಟಿಗೆಯದು: ಕೊಂಡವರೆಲ್ಲ ಮಠದ ಗೋಡೆಗೆ ಒಂದೊಂದು ಇಟ್ಟಿಗೆ ಕೊಟ್ಟಂತೆ. ಆಗ ಇಲ್ಲಿದ್ದ ನಮ್ಮ ಹಿರಿಯ ಸ್ನೇಹಿತರೊಬ್ಬರು ಚಳಿಯಲ್ಲಿ ಸರದಿ ನಿಂತು ಕೊಂಡ ಆ ಪೆಟ್ಟಿಗೆಯ ಖಾಲಿ ರಟ್ಟನ್ನು ಇಂದಿಗೂ ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದಾರೆ. ಅದರ ಅಂಚು ಸವೆದಿದೆ, ಇಟ್ಟಿಗೆಯ ಗೆರೆಗಳು ಮಾಸಿಲ್ಲ.

ಅದಾದ ಮೇಲೆ ಬಹುಕಾಲ ವೆಸ್ಟ್‌ವ್ಲೇಟರನ್ ಯಾವುದೇ ಅಂಗಡಿಯ ಪೆಟ್ಟಿಗೆಯಲ್ಲಿ ಕಂಡರೆ, ಯಾರೋ ಮಠದ ಬಾಗಿಲಲ್ಲಿ ಕೊಟ್ಟ ಮಾತನ್ನು ಮುರಿದಿದ್ದಾರೆ ಎಂದು ತಿಳಿಯಬಹುದಾಗಿತ್ತು. 2018ರಲ್ಲಿ ನೆದರ್ಲೆಂಡ್ಸಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ಮಠದ ಬೆಲೆಯ ಹಲವು ಪಟ್ಟು ದರಕ್ಕೆ ಆ ಬಾಟಲಿಗಳು ಮಾರಾಟವಾದಾಗ ಸನ್ಯಾಸಿಗಳು ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದ್ದರು. ಊರಿನವರಿಗೆ ಕೊಡಲು ಇದೇ ಬೇಕೆಂದು ಹಟ ಹಿಡಿಯುವ ನಮ್ಮವರಿಗೆ ನನ್ನ ಸಲಹೆ ಒಂದೇ, ದುಬಾರಿ ಬಾಟಲಿಗೆ ಕೈಹಾಕುವ ಬದಲು ಬೇರೆ ನಾಲ್ಕು ಮಠಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ಇನ್ನು ಹೆಸರು, ಸಂಖ್ಯೆಗಳ ಗೊಂದಲ. ರೋಷ್‌ಫೋರ್ 6, 8, 10 ಎಂಬ ಸಂಖ್ಯೆಗಳನ್ನು ಮದ್ಯದ ಪ್ರಮಾಣ ಎಂದು ತಮ್ಮ ಬರಹದಲ್ಲಿ ಹೇಳಲಾಗಿದೆ. ಅವು ಹುದುಗುವ ಮೊದಲಿನ ರಸದ ಸಾಂದ್ರತೆಯನ್ನು ಹೇಳುತ್ತಿದ್ದ ಹಳೆಯ ಬೆಲ್ಜಿಯನ್ ಡಿಗ್ರಿಗಳಿಂದ ಬಂದವು. ಮದ್ಯದ ಪ್ರಮಾಣ ಕ್ರಮವಾಗಿ ಶೇ 7.5, 9.2 ಮತ್ತು 11.3. ಓದುಗರೊಬ್ಬರು ಸಂಖ್ಯೆಯನ್ನೇ ನಂಬಿ ಶೇ 6 ಎಂದು ಕುಡಿದರೆ ತಾವೆಣಿಸಿದ್ದಕ್ಕಿಂತ ಹೆಚ್ಚೇ ಕುಡಿದಂತಾಗುತ್ತದೆ, ಆದ್ದರಿಂದ ಈ ತಪ್ಪನ್ನು ಸಣ್ಣದೆಂದು ಬಿಡಲಾಗದು. ಅತ್ತ ವೆಸ್ಟ್‌ವ್ಲೇಟರನ್ 12ರಲ್ಲಿ ಇರುವುದು ಶೇ 10.2. ವೆಸ್ಟ್‌ಮಾಲೆಯ ಡುಬ್ಬೆಲ್, ಟ್ರಿಪೆಲ್ ಎಂದರೆ ಎರಡು ಪಟ್ಟು, ಮೂರು ಪಟ್ಟು ಮದ್ಯ ಎಂದಲ್ಲ. ಒಂದು ಶೇ 7, ಇನ್ನೊಂದು ಶೇ 9.5. ಷಿಮೇಯದು ಇನ್ನೊಂದು ತೊಡಕು. 33 ಸೆಂಟಿಲೀಟರಿನ ಬಾಟಲಿಯಲ್ಲಿ ಕೆಂಪು, ಬಿಳಿ, ನೀಲಿ ಎಂದು ಕರೆಯುವ ಬಿಯರುಗಳೇ 75 ಸೆಂಟಿಲೀಟರಿನ ದೊಡ್ಡ ಬಾಟಲಿಗೆ ಹೋದಾಗ ಪ್ರಮ್ಯೇರ್, ಸ್ಯಾಂಕ್ ಸಾಂ, ಗ್ರಾಂದ್ ರೆಸೆರ್ವ್ ಎಂಬ ಹೆಸರು ಪಡೆಯುತ್ತವೆ. ನೀಲಿಯನ್ನೂ ಗ್ರಾಂದ್ ರೆಸೆರ್ವನ್ನೂ ಎರಡು ಬಿಯರೆಂದು ತಿಳಿದು ಒಟ್ಟಿಗೆ ಕೊಂಡವರು ನಮ್ಮಲ್ಲೇ ಇದ್ದಾರೆ. ಒರ್ವಾಲ್ ಮಠದವರು ಮಾರುಕಟ್ಟೆಗೆಂದು ತಯಾರಿಸುವುದು ಒಂದೇ ಬಿಯರ್. ಬೌಲಿಂಗ್ ಆಟದ ಗೂಟದಂಥ ಬಾಟಲಿ, ಲೇಬಲ್ಲಿನಲ್ಲಿ ಬಾಯಲ್ಲಿ ಉಂಗುರ ಕಚ್ಚಿದ ಮೀನು. ಅದನ್ನು ಗುರುತಿಸಲು ಓದು ಬರಹವೂ ಬೇಡ.

ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳನ್ನು ನೋಡಿ 'ಚಿಮಯ್', 'ರೋಚೆಫೋರ್ಟ್' ಎನ್ನುವ ಬದಲು ಆ ಊರಿನವರು ನುಡಿಯುವಂತೆ ಷಿಮೇ, ರೋಷ್‌ಫೋರ್ ಎಂದು ಬರೆಯಬಹುದು. ನಮ್ಮ ಲಿಪಿಗೆ ಆ ಶಕ್ತಿ ಇದೆ. ಅಂಗಡಿಯಲ್ಲಿ ಕೇಳುವಾಗಲೂ ಸರಿಯಾದ ಉಚ್ಚಾರ ಗೊತ್ತಿದ್ದರೆ ಸರಿಯಾದ ಬಾಟಲಿ ಕೈಗೆ ಬರುತ್ತದೆ.

ಇದೆಲ್ಲ ದೂರದ ದೇಶದ ಮಾತು ಎಂದು ಓದುಗರಿಗೆ ಅನ್ನಿಸಬಹುದು. ಷಿಮೇ ತಯಾರಾಗುವ ಸ್ಕೂರ್ಮೋಂ ಮಠದ ಸನ್ಯಾಸಿ ಫ್ರಾನ್ಸಿಸ್ ಮಾಯ್ಯೂ 1955ರಲ್ಲಿ ಭಾರತಕ್ಕೆ ಬಂದವರು. 1958ರಲ್ಲಿ ಇಂಗ್ಲೆಂಡಿನ ಸನ್ಯಾಸಿ ಬೀಡ್ ಗ್ರಿಫಿತ್ಸರ ಜೊತೆಗೂಡಿ ಕೇರಳದ ವಾಗಮಣ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮ ಕಟ್ಟಿ, ಕಾವಿಯುಟ್ಟು, ಫ್ರಾನ್ಸಿಸ್ ಆಚಾರ್ಯ ಎನಿಸಿಕೊಂಡರು. ಆ ಆಶ್ರಮ 1998ರಲ್ಲಿ ಟ್ರಾಪಿಸ್ಟ್ ಪಂಥಕ್ಕೇ ಸೇರಿತು. ಅಲ್ಲಿಯವರ ಕೈದುಡಿಮೆ ಹಸು ಸಾಕಣೆ, ಹಾಲು. ಬೆಲ್ಜಿಯಂನ ಅಣ್ಣ ತಮ್ಮಂದಿರು ಬಿಯರ್ ಕಾಯಿಸುವ ಅದೇ ನಿಯಮದ ಅಡಿಯಲ್ಲಿ ಇವರು ಹಾಲು ಕರೆಯುತ್ತಾರೆ. ಹೀಗಾಗಿ ಟ್ರಾಪಿಸ್ಟ್ ಎಂಬ ಪದ ನಮ್ಮ ಪಕ್ಕದ ರಾಜ್ಯದಲ್ಲೇ, ಬಿಯರಿನ ಸೋಂಕಿಲ್ಲದೆ, ಬದುಕಿದೆ. ಈ ಸಂಗತಿಯನ್ನು ಹೇಳಿದ ದಿನ ಭಾವನವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ಹೆಸರು ಬಾಟಲಿದಲ್ಲ, ಮನುಷ್ಯರದು" ಎಂದರು.

ಕಳೆದ ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋದಾಗ ನಾನು ಅಂಗಡಿಯ ಪೆಟ್ಟಿಗೆ ಕೊಳ್ಳಲಿಲ್ಲ. ಒರ್ವಾಲ್ ಎರಡು, ರೋಷ್‌ಫೋರ್ 8 ಒಂದು, ವೆಸ್ಟ್‌ಮಾಲೆ ಡುಬ್ಬೆಲ್ ಮತ್ತು ಟ್ರಿಪೆಲ್ ಒಂದೊಂದು, ಷಿಮೇ ನೀಲಿ ಒಂದು, ಹೀಗೆ ಆರನ್ನು ಬಿಡಿಬಿಡಿಯಾಗಿ ಆರಿಸಿ, ಹಳೆಯ ಉಣ್ಣೆ ಅಂಗಿಗಳಲ್ಲಿ ಸುತ್ತಿ ಒಯ್ದೆ. ಭಾವನವರು ಈ ಸಲವೂ ಕನ್ನಡಕ ಹಾಕಿಕೊಂಡು ಆರನ್ನೂ ಓದಿದರು, ಎಡಕ್ಕೆ ಒಂದನ್ನೂ ಸರಿಸಲಿಲ್ಲ. ತಳದಲ್ಲಿ ಕೂತ ಯೀಸ್ಟಿನ ಗಸಿ ಲೋಟಕ್ಕೆ ಬೀಳದಂತೆ ಬಾಟಲಿಯನ್ನು ನಿಧಾನವಾಗಿ ಓರೆಮಾಡಿ, ಕೊನೆಯ ಒಂದು ಬೆರಳಷ್ಟನ್ನು ಒಳಗೇ ಬಿಟ್ಟು ಸುರಿಯಬೇಕೆಂದು ನಾನು ತೋರಿಸಿಕೊಟ್ಟೆ. ಆರು ಬಾಟಲಿಗಳನ್ನು ಅವರು ಆರು ತಿಂಗಳು ಇಟ್ಟುಕೊಂಡರು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹಬ್ಬದ ದಿನಗಳು ಹತ್ತಿರ ಬರುತ್ತಿವೆ. ತಮ್ಮ ಬರಹವನ್ನು ಕತ್ತರಿಸಿಟ್ಟುಕೊಂಡು ಬ್ರಸೆಲ್ಸಿನಲ್ಲೋ ಲಂಡನ್ನಿನಲ್ಲೋ ಅಂಗಡಿಗೆ ಹೋಗುವ ಓದುಗರು ಖಂಡಿತ ಇದ್ದಾರೆ. ಅವರಿಗಾಗಿ ಪ್ರವಾಸ ಪುಟದ ಮೂಲೆಯಲ್ಲಿ ಹೀಗೊಂದು ತಿದ್ದುಪಡಿ ಹಾಕಿದರೆ ಸಾಕು: ಷಿಮೇ ಮತ್ತು ಒರ್ವಾಲ್ ಟ್ರಾಪಿಸ್ಟ್ ಬಿಯರುಗಳು, ಲೆಫ್ ಮತ್ತು ಗ್ರಿಂಬರ್ಗೆನ್ ಮಠದ ಹೆಸರಿನ ಬಿಯರುಗಳು, ರೋಷ್‌ಫೋರಿನ ಸಂಖ್ಯೆಗಳು ಮದ್ಯದ ಪ್ರಮಾಣವಲ್ಲ.

ತಮ್ಮ ವಿಶ್ವಾಸಿ,
ದಾವಣಗೆರೆ ಮೂಲದ ಒಬ್ಬ ಓದುಗ
ಲುವೆನ್, ಬೆಲ್ಜಿಯಂ